ಏಳನೇ ತಿರುವಿನ ಬಿಳಿ ಗೆರೆ

ಗ್ಯಾರೇಜಿನ ಲಿಫ್ಟ್ ಇಳಿಯುತ್ತಿತ್ತು!

ಅದರ ಮೇಲೆ ಒಂದು ಟನ್ ತೂಕದ ಕಾರು. ಅದರ ಕೆಳಗೆ ಅಂಗಾತ ಮಲಗಿದ್ದ ನಾನು. ನನ್ನ ಮೂಗಿಗೂ ಗೇರ್‌ಬಾಕ್ಸಿಗೂ ನಡುವೆ ಎರಡು ಗೇಣು ಜಾಗ.

ಉರುಳಿಕೊಂಡು ಹೊರಗೆ ಬರೋಣವೆಂದರೆ ಬಲಗೈಯ ಮೇಲೆ ಒಂದು ಬೂಟು. ಬೂಟಿನೊಳಗೆ ತೊಂಬತ್ತು ಕೆಜಿಯ ಮನುಷ್ಯ. ಅವನ ಕೈ ಲಿಫ್ಟಿನ ಲಿವರ್ ಮೇಲೆ.

"ಬೀಗ ಒಡೆದ್ಯಾ?" ಎಂದ.

"ಇಲ್ಲ... ತೆಗೆದೇ ಇತ್ತು."

ಲಿವರ್ ಸ್ವಲ್ಪ ಬಾಗಿತು. ಎರಡು ಗೇಣು ಒಂದೂವರೆಯಾಯಿತು. ಗೇರ್‌ಬಾಕ್ಸಿನಿಂದ ಒಂದು ಹನಿ ಎಣ್ಣೆ ನನ್ನ ಹಣೆಯ ಮೇಲೆ ಬಿತ್ತು.

"ಒಡೆದೆ, ಒಡೆದೆ!" ಎಂದು ಕೂಗಿದೆ. "ಸಣ್ಣ ಬೀಗ ಕಣಪ್ಪ, ಹೊಸದು ತಂದ್ಕೊಡ್ತೀನಿ!"

"ಏನ್ ಹುಡುಕ್ತಿದ್ದೆ?"

"ಒಂದು ನಟ್."

"ಯಾವ ನಟ್?"

"ನಮ್ ಭಾವನ್ನ ಕೊಲ್ಲೋಕೆ ನೀನು ಬಿಚ್ಚಿದ್ಯಲ್ಲ... ಆ ನಟ್!"

ಮೂಗಿನ ಮೇಲೆ ಕಾರು ತೂಗುವಾಗ ಹೀಗೆ ಮಾತಾಡುವುದು ಜಾಣತನವಲ್ಲ. ಗೊತ್ತು. ಆದರೆ ನನ್ನ ನಾಲಿಗೆಗೂ ಬುದ್ಧಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಕಣ್ಣು ಮುಚ್ಚಿಕೊಂಡೆ.

ಏನೂ ಆಗಲಿಲ್ಲ.

ಕಣ್ಣು ಬಿಟ್ಟರೆ ಬೂಟು ನನ್ನ ಕೈ ಮೇಲಿರಲಿಲ್ಲ. ಲಿಫ್ಟ್ ಮೇಲಕ್ಕೆ ಹೋಗುತ್ತಿತ್ತು. ಆ ಮನುಷ್ಯ ಗೋಡೆಯ ಮೊಳೆಯಲ್ಲಿದ್ದ ಕೀ ತೆಗೆದುಕೊಂಡ. ನನ್ನತ್ತ ತಿರುಗಿಯೂ ನೋಡದೆ, "ಅದು ಇಲ್ಲಿಲ್ಲ," ಎಂದ.

ಅಷ್ಟು ಹೇಳಿ ಹೊರಗೆ ನಿಂತಿದ್ದ ಪಿಕಪ್ ಹತ್ತಿ ಹೊರಟೇಬಿಟ್ಟ!

ಕಳ್ಳ ಪರಾರಿ ಎಂದುಕೊಂಡೆ. ನೀವಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ. ಹಾರಿಬಿದ್ದು ನನ್ನ ಕಾರಿಗೆ ಓಡಿದೆ. ಅದು ಸ್ಟಾರ್ಟ್ ಆಗುವುದಕ್ಕೆ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಹಿಂದಿನ ಕತೆ ಹೇಳಿಬಿಡುತ್ತೇನೆ.

ಆ ತೊಂಬತ್ತು ಕೆಜಿಯವನಿಗೆ ಎಲ್ಲರೂ ಇಟ್ಟ ಹೆಸರು ಸೈಲೆನ್ಸರ್. ಮಾತು ಅಷ್ಟು ಕಡಿಮೆ. ಸ್ವಂತ ಗ್ಯಾರೇಜು, ಸ್ವಂತ ರೇಸ್ ಕಾರು. ಬೆಟ್ಟದ ರೇಸ್ ಗೊತ್ತಲ್ಲ? ಬುಡದಿಂದ ತುದಿಗೆ ನಾಲ್ಕು ಕಿಲೋಮೀಟರ್, ಹನ್ನೊಂದು ತಿರುವು. ಒಂದೊಂದೇ ಕಾರು ಹತ್ತಬೇಕು. ಪಕ್ಕದಲ್ಲಿ ಎದುರಾಳಿ ಇರುವುದಿಲ್ಲ, ಗಡಿಯಾರ ಇರುತ್ತದೆ. ಹತ್ತು ವರ್ಷ ಆ ಬೆಟ್ಟದಲ್ಲಿ ನಮ್ಮ ಭಾವನಿಗೆ ಸರಿಸಾಟಿಯಾಗಿದ್ದವನು ಸೈಲೆನ್ಸರ್ ಒಬ್ಬನೇ. ಒಂದು ವರ್ಷ ಇವರು ಗೆದ್ದರೆ ಮುಂದಿನ ವರ್ಷ ಅವನು.

ಹೋದ ವರ್ಷ ಭಾವ ಗೆಲ್ಲಲಿಲ್ಲ. ಏಳನೇ ತಿರುವಿನಲ್ಲಿ ಕಾರು ತಿರುಗಲಿಲ್ಲ. ನೇರವಾಗಿ ಹೋಯಿತು. ತಡೆಗೋಡೆ, ಬಂಡೆ, ಆಮೇಲೆ ಆಂಬುಲೆನ್ಸು... ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬಂಡೆಗೆ ಬಡಿದ ಏಟಿಗೆ ಸ್ಟೀರಿಂಗ್ ಮುರಿದಿದೆ, ಅತಿಯಾದ ವೇಗವೇ ಕಾರಣ ಎಂದು ಕ್ಲಬ್ಬಿನ ಕಮಿಟಿ ಬರೆದು ಕೈ ತೊಳೆದುಕೊಂಡಿತು.

ಭಾವ ಎಂದರೆ ಅಕ್ಕನ ಗಂಡ. ಅಕ್ಕ ಎಂದರೆ ನನ್ನನ್ನು ಸಾಕಿದವಳು. ನಾನು ನಾಲ್ಕನೇ ಕ್ಲಾಸಿನಲ್ಲಿರುವಾಗ ಅಪ್ಪ ಅಮ್ಮ ಇಬ್ಬರೂ ಹೋದರು. ಆಗ ಅಕ್ಕನಿಗೆ ಹತ್ತೊಂಬತ್ತು. ಲೇತ್ ಮೆಷಿನ್ ಕಲಿತಳು. ಕಬ್ಬಿಣ ಕಡೆದು ನನಗೆ ಅನ್ನ ಹಾಕಿದಳು. ಮದುವೆಯ ಮಾತು ಬಂದಾಗ "ತಮ್ಮನೂ ನನ್ನ ಜೊತೆ ಬರ್ತಾನೆ" ಎಂದಳಂತೆ. ಭಾವ ತಲೆ ಕೆರೆದುಕೊಂಡು, "ಸ್ಪಾನರ್ ಹಿಡಿಯೋಕೆ ಬರುತ್ತಾ ಅವನಿಗೆ?" ಎಂದು ಕೇಳಿದರಂತೆ. ಅಷ್ಟೇ ಅವರ ವರದಕ್ಷಿಣೆ! ನನಗೆ ಈ ಲೋಕದಲ್ಲಿ ಇದ್ದದ್ದು ಅವರಿಬ್ಬರು. ಈಗ ಒಬ್ಬಳು.

ನನ್ನ ಕೆಲಸ? ಇನ್ಶೂರೆನ್ಸ್ ಕಂಪನಿಯ ತನಿಖೆ. ಆಕ್ಸಿಡೆಂಟ್ ಆದ ಗಾಡಿಗಳ ಬಾಯಿ ಬಿಡಿಸುವುದು. ಬ್ರೇಕ್ ಫೇಲ್ ಆಯ್ತು ಸಾರ್ ಅನ್ನುತ್ತಾರೆ. ಬ್ರೇಕ್ ಪೆಡಲ್ ಬೇರೆಯದೇ ಹೇಳುತ್ತದೆ. ಜನ ಸುಳ್ಳು ಹೇಳುತ್ತಾರೆ, ಕಬ್ಬಿಣ ಹೇಳುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿದವರು ಬೆರಳೆಣಿಕೆ. ಅವರಲ್ಲಿ ಒಬ್ಬನ ಕತೆ ಮುಂದೆ ಬರುತ್ತದೆ.

ಇನ್ನು ಕಾರು. ಎರಡೇ ಸೀಟಿನ ಜಪಾನಿ ಸ್ಪೋರ್ಟ್ಸ್ ಕಾರು. ಮೂವತ್ತೈದು ವರ್ಷ ಹಳೆಯದು. ಸ್ವಿಚ್ ಒತ್ತಿದರೆ ಹೆಡ್‌ಲೈಟ್ ಎರಡೂ ಬಾನೆಟ್ಟಿನಿಂದ ಮೇಲೆದ್ದು ಪಿಳಿಪಿಳಿ ನೋಡುತ್ತಿದ್ದವು. ಅದಕ್ಕೇ ಅದರ ಹೆಸರು ಕಪ್ಪೆ. ಭಾವ ಅದನ್ನು ಯಾರದೋ ಹಿತ್ತಿಲಿನಿಂದ ಎಳೆದು ತಂದಾಗ ಡಿಕ್ಕಿಯಲ್ಲಿ ಕೋಳಿ ಕಾವಿಗೆ ಕೂತಿತ್ತು. ಮರಿ ಆಗುವ ತನಕ ಡಿಕ್ಕಿ ಮುಟ್ಟಬಾರದು ಎಂದು ಆರ್ಡರ್ ಮಾಡಿದ್ದರು. ಅಂಥ ಮನುಷ್ಯ.

ಭಾವ ಹೋದ ಮೇಲೆ ಕಪ್ಪೆ ಎಂಟು ತಿಂಗಳು ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಬಿದ್ದಿತ್ತು. ಒಂದು ಬೆಳಿಗ್ಗೆ ಅಕ್ಕ ಟಾರ್ಪಾಲು ಎಳೆದು ಹಾಕಿದಳು.

"ಗುಜರಿಗೆ ಕೊಡೋಣ ಅಕ್ಕಾ," ಎಂದೆ.

"ನಿಮ್ ಭಾವ ಇದರಲ್ಲಿ ಏಳನೇ ತಿರುವಿನ ತನಕ ಹೋಗಿದಾರೆ," ಎಂದಳು. "ಉಳಿದ ನಾಲ್ಕು ತಿರುವು ಬಾಕಿ ಇದೆ. ನಾನು ಹತ್ತಿಸ್ತೀನಿ."

"ನೀನಾ?"

"ಯಾಕೆ, ಅವರಿಗೆ ಡ್ರೈವಿಂಗ್ ಕಲಿಸಿದ್ದು ಯಾರು ಅಂದ್ಕೊಂಡಿದೀಯ?"

ನಾಲ್ಕು ತಿಂಗಳು ದುಡಿದೆವು. ಬಾಗಿದ ಚಾಸಿಯನ್ನು ಚೈನು ಹಾಕಿ ಎಳೆಸಿದೆವು. ಬಾಗಿಲ ಕೆಳಗಿನ ತಗಡು ತುಕ್ಕು ತಿಂದು ಹಪ್ಪಳವಾಗಿತ್ತು. ಕತ್ತರಿಸಿ ಹೊಸದು ಬೆಸೆದೆವು. ಇಂಜಿನ್ ಪೂರ್ತಿ ಬಿಚ್ಚಿ ಪಿಸ್ಟನ್ ಬದಲಿಸಿದೆವು. ಏರಿನಲ್ಲಿ ಬೇಗ ನುಗ್ಗಲೆಂದು ಹಿಂದಿನ ಆಕ್ಸಲಿನ ಗೇರನ್ನು ಅಕ್ಕ ಬದಲಾಯಿಸಿದಳು. ಗ್ಲಾಸು ತೆಗೆದು ಪ್ಲಾಸ್ಟಿಕ್ ಹಾಕಿದಳು. ಬೆಟ್ಟದಲ್ಲಿ ಒಂದೊಂದು ಕೆಜಿಯೂ ಶತ್ರು. ಸದ್ದು ಬರದಿರಲಿ ಎಂದು ಕಂಪನಿಯವರು ಕಾರಿನ ಒಳನೆಲಕ್ಕೆ ಟಾರು ಬಳಿದಿರುತ್ತಾರೆ. ಅಕ್ಕ ಉಳಿ ಹಿಡಿದು ಮೂರು ವಾರ ಅದನ್ನು ಕೆರೆದಳು. ಭಾವ ಕೂರುತ್ತಿದ್ದ ಜಾಗಕ್ಕೆ ಬಂದಾಗ ಉಳಿ ನಿಲ್ಲುತ್ತಿತ್ತು, ಮೂಗು ಏರಿಸುವ ಸದ್ದು ಬರುತ್ತಿತ್ತು, ಮತ್ತೆ ಉಳಿ ಶುರುವಾಗುತ್ತಿತ್ತು. ಟಾರು ತೂಗಿದರೆ ಒಂಬತ್ತು ಕೆಜಿ ಬಂತು. ಅಳು ಎಷ್ಟು ಬಂತೋ ನಾನು ತೂಗಲಿಲ್ಲ.

ಮುಂದಿನ ಬಲಮೂಲೆಯಿಂದ ಬಿಚ್ಚಿದ ಮುರಿದ ಭಾಗಗಳು ಮಾತ್ರ ಒಂದು ತಗಡಿನ ಡಬ್ಬದಲ್ಲಿ ಹಾಗೇ ಇದ್ದವು. ಅದರ ಮುಚ್ಚಳ ತೆಗೆಯುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹೊಸ ಸ್ಟೀರಿಂಗ್ ರಾಡಿಗೆ ಅಳತೆ ಬೇಕಾಯಿತು. ರೇಸಿಗೆ ಒಂದು ವಾರ ಇರುವಾಗ ಅಕ್ಕ ಡಬ್ಬ ತೆಗೆದಳು.

ಆಫೀಸಿನಲ್ಲಿದ್ದ ನನಗೆ ಫೋನ್ ಬಂತು. "ಈಗ್ಲೇ ಬಾ!"

ಹೋದೆ. ಅಕ್ಕನ ಅಂಗೈಯಲ್ಲಿ ಚಕ್ರದ ತೋಳು. ಸ್ಟೀರಿಂಗ್ ರಾಡನ್ನು ಚಕ್ರಕ್ಕೆ ಹಿಡಿಸುವ ಬೋಲ್ಟ್ ಅದರಲ್ಲೇ ನಿಂತಿತ್ತು. ಬೋಲ್ಟಿನ ಥ್ರೆಡ್ಡು, ಅಂದರೆ ನಟ್ ಹತ್ತುವ ಸುರುಳಿ ಗೀರು, ಹೊಸದರಂತೆ ನೆಟ್ಟಗಿತ್ತು. ನಟ್ ಮಾತ್ರ ಇಲ್ಲ!

"ಏಟಿಗೆ ಮುರಿದಿದ್ರೆ ಥ್ರೆಡ್ ಕಿತ್ತು ಬರ್ತಿತ್ತು," ಎಂದಳು. "ಇದು ಮೊದ್ಲೇ ಬಿಚ್ಚಿಕೊಂಡಿದೆ. ಆದ್ರೆ ತಾನಾಗೇ ಬಿಚ್ಚಿಕೊಂಡಿಲ್ಲ. ಇಲ್ಲಿ ನೋಡು..."

ಬೋಲ್ಟಿನ ತುದಿಯಲ್ಲಿ ಬಿಳಿ ಬಣ್ಣ.

ಇದೊಂದು ವಿಷಯ ನಿಮಗೆ ಸರಿಯಾಗಿ ಹೇಳಬೇಕು. ಭಾವನ ಶೆಡ್ಡಿನಲ್ಲಿ ಒಂದು ಕಾನೂನಿತ್ತು. ನಟ್ ಬಿಗಿ ಮಾಡುವವನು ಒಬ್ಬ. ಅದನ್ನು ಟಾರ್ಕ್ ರೆಂಚಿನಿಂದ ಪರೀಕ್ಷೆ ಮಾಡುವವನು ಇನ್ನೊಬ್ಬ. ಬೇಕಾದಷ್ಟು ಬಿಗಿ ಇದ್ದರೆ ರೆಂಚು ಕಟಕ್ ಎನ್ನುತ್ತದೆ. ಕಟಕ್ ಅಂದ ಮೇಲೆ ಆ ಎರಡನೆಯವನು ನಟ್ಟಿನಿಂದ ಬೋಲ್ಟಿನ ತುದಿಯವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಬೇಕು. ಗೆರೆ ಇದ್ದರೆ ಕೆಲಸ ಮುಗಿದಿದೆ ಎಂದರ್ಥ. ಆಮೇಲೆ ಅದನ್ನು ಯಾರೂ ಮತ್ತೆ ಮುಟ್ಟುವುದಿಲ್ಲ. ಭಾವನದು ಕೆಂಪು ಗೆರೆ. ಅಕ್ಕನದು ಹಳದಿ. ನನ್ನದು ಬಿಳಿ.

"ನೀನೇ ಚೆಕ್ ಮಾಡಿದೀಯ," ಎಂದಳು ಅಕ್ಕ. "ಅಂದ್ಮೇಲೆ ನಟ್ ಬಿಗಿಯಾಗೇ ಇತ್ತು. ಯಾರೋ ಬಿಚ್ಚಿದಾರೆ!"

ಯಾರೋ ಏನು, ಯಾರೆಂದು ಇಬ್ಬರಿಗೂ ಗೊತ್ತಿತ್ತು. ರೇಸಿನ ದಿನ ಪ್ರೇಕ್ಷಕನೊಬ್ಬ ಮೊಬೈಲಿನಲ್ಲಿ ತೆಗೆದ ಫೋಟೋ ಊರೆಲ್ಲ ಸುತ್ತಾಡಿತ್ತು. ಸ್ಟಾರ್ಟಿಗೆ ಮೊದಲು ಸಾಲಿನಲ್ಲಿ ನಿಂತ ಕಪ್ಪೆ. ಅದರ ಬಲಗಡೆಯ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತವನು... ಸೈಲೆನ್ಸರ್!

ಅಕ್ಕ ಕಮಿಟಿಗೆ ದೂರು ಕೊಟ್ಟಳು. ಸುದ್ದಿ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಿತು. ಎರಡೇ ದಿನದಲ್ಲಿ ಗಿರಾಕಿಗಳು ಸೈಲೆನ್ಸರನ ಗ್ಯಾರೇಜಿನಿಂದ ಗಾಡಿಗಳನ್ನು ವಾಪಸ್ ಒಯ್ದರು. ಯಾರೋ ಅವನ ಶಟರಿನ ಮೇಲೆ ಕೊಲೆಗಾರ ಎಂದು ಬರೆದರು. ಭಾನುವಾರ ರೇಸು. ಅವತ್ತೇ ಬೆಳಿಗ್ಗೆ ಕಮಿಟಿ ಕೂತು ಅವನನ್ನು ಜೀವಮಾನಪೂರ್ತಿ ಹೊರಗೆ ಹಾಕುವುದಿತ್ತು. ಅವನು ತುಟಿ ಪಿಟಕ್ ಎನ್ನಲಿಲ್ಲ.

"ಯಾರು ಬಿಚ್ಚಿದ್ದು, ಯಾಕೆ ಬಿಚ್ಚಿದ್ದು... ಅದು ಗೊತ್ತಾಗದೆ ನಾನು ಆ ಸೀಟಲ್ಲಿ ಕೂರೋಕಾಗಲ್ಲ," ಎಂದಳು ಅಕ್ಕ. "ನೀನು ಊರಿನ ಗಾಡಿಗಳನ್ನೆಲ್ಲ ಮಾತಾಡಿಸ್ತೀಯ. ಇದೊಂದನ್ನ ಮಾತಾಡಿಸು."

ಮಾತಾಡಿಸುತ್ತೇನೆ ಎಂದೆ. ಗಂಡಸಿನ ಹಾಗೆ ಎದೆ ತಟ್ಟಿಕೊಂಡು ಹೇಳಿದೆ!

ಹಾಗೆ ಶುಕ್ರವಾರ ಬೆಳಿಗ್ಗೆ ಸೈಲೆನ್ಸರನ ಬೀಗ ಒಡೆದೆ. ಡ್ರಾಯರು, ಶೆಲ್ಫು, ಡಬ್ಬ ಎಲ್ಲ ಜಾಲಾಡಿದೆ. ಹೆಜ್ಜೆ ಸದ್ದು ಕೇಳಿ ಲಿಫ್ಟಿನ ಕೆಳಗೆ ಅಡಗಿದೆ. ಮುಂದಿನದು ನಿಮಗೆ ಗೊತ್ತು.

ಅಂತೂ ನನ್ನ ಕಾರು ಸ್ಟಾರ್ಟ್ ಆಯಿತು.

ಪಿಕಪ್ ಮುಖ್ಯರಸ್ತೆಯ ಸಿಗ್ನಲ್ಲಿನಲ್ಲಿತ್ತು. ಕೆಂಪು ದೀಪ. ಸಿಕ್ಕಿದ ಎಂದುಕೊಂಡೆ. ಅವನು ಎಡಕ್ಕೆ ಫುಟ್‌ಪಾತಿನ ಮೇಲೆ ಒಂದು ಚಕ್ರ ಹತ್ತಿಸಿ ನುಗ್ಗಿದ! ನಾನೂ ನುಗ್ಗಿದೆ. ಹಣ್ಣಿನ ಗಾಡಿಯವನೊಬ್ಬ ನನ್ನ ವಂಶವನ್ನೆಲ್ಲ ಹೆಸರು ಹಿಡಿದು ಕರೆದ. ಕನ್ನಡಿ ಒಂದು ಕಂಬಕ್ಕೆ ತಾಗಿ ಹಾರಿಹೋಯಿತು. ನಿಲ್ಲಿಸಲಿಲ್ಲ.

ಊರು ಮುಗಿಯಿತು. ಬೆಟ್ಟದ ರಸ್ತೆ ಶುರುವಾಯಿತು.

ನನ್ನದು ಕಂಪನಿ ಕೊಟ್ಟ ಕಾರು. ಏರು ಕಂಡರೆ ನಿಟ್ಟುಸಿರು ಬಿಡುತ್ತದೆ. ಎರಡನೇ ಗೇರಿಗೆ ಹಾಕಿ ಕಾಲು ನೆಲಕ್ಕೆ ಒತ್ತಿದೆ. ಮೊದಲ ತಿರುವು... ಎರಡು... ಮೂರು. ಪಿಕಪ್ಪಿನ ಹಿಂಭಾಗ ಒಂದು ಕ್ಷಣ ಕಾಣುತ್ತದೆ, ಮತ್ತೆ ಮಾಯ. ನಾಲ್ಕನೇ ತಿರುವಿನಲ್ಲಿ ಮೇಲಿನಿಂದ ಜಲ್ಲಿ ಲಾರಿ! ಹಾರ್ನ್ ಹೊಡೆದದ್ದು ಅವನೋ ನಾನೋ ನೆನಪಿಲ್ಲ. ಎಡಗಡೆಯ ಚಕ್ರ ರಸ್ತೆ ಬಿಟ್ಟು ಮಣ್ಣಿಗಿಳಿಯಿತು. ಕೆಳಗೆ ಕಣಿವೆಯಲ್ಲಿ ಮರಗಳ ತಲೆ ಕಂಡವು. ಹೇಗೋ ಮೇಲೆ ಬಂದೆ.

ಐದು. ಆರು.

ಏಳನೇ ತಿರುವಿನಲ್ಲಿ ಪಿಕಪ್ ನಿಂತಿತ್ತು. ಸೈಲೆನ್ಸರ್ ಅದಕ್ಕೆ ಒರಗಿ ನಿಂತು ತಡೆಗೋಡೆಯನ್ನು ನೋಡುತ್ತಿದ್ದ. ಹಳೆಯ ಗೋಡೆಯಲ್ಲಿ ಕಾರಿನಗಲದಷ್ಟು ಹೊಸ ಸಿಮೆಂಟು. ನಾನು ಒಂದು ವರ್ಷದಿಂದ ಈ ರಸ್ತೆಗೆ ಬಂದಿರಲಿಲ್ಲ.

ಇಳಿದವನೇ ಅವನ ಕಾಲರ್ ಹಿಡಿದೆ. "ಯಾಕೋ ಕೊಂದೆ? ಒಂದು ತಗಡಿನ ಟ್ರೋಫಿಗಾಗಿ ಕೊಂದ್ಯಾ?"

ಅವನು ಕೈ ಎತ್ತಲಿಲ್ಲ. ನಾನು ಒಂದು ಬಿಟ್ಟೆ. ಅವನ ತುಟಿ ಒಡೆಯಿತು. ಆಗಲೂ ಎತ್ತಲಿಲ್ಲ.

"ಬೋಲ್ಟ್ ಮೇಲೆ ಬಣ್ಣ ನೋಡಿದ್ಯಾ?" ಎಂದ.

"ನೋಡ್ದೆ! ಬಿಳಿ. ನನ್ನ ಗೆರೆ!"

"ಎಷ್ಟು ಥ್ರೆಡ್ ಮೇಲಿದೆ?"

"ಏನು?"

"ಬಣ್ಣ. ಎಷ್ಟು ಥ್ರೆಡ್ ಮೇಲಿದೆ, ಎಣಿಸಿದ್ಯಾ?"

ನನ್ನ ಕೈ ಅವನ ಕಾಲರಿನಿಂದ ತಾನಾಗಿ ಜಾರಿತು. ಯಾಕೆಂದು ಆಗ ಗೊತ್ತಾಗಲಿಲ್ಲ.

ಆಮೇಲೆ ಸೈಲೆನ್ಸರ್ ಮಾತಾಡಿದ. ಅವನ ಜನ್ಮದಲ್ಲೇ ಅಷ್ಟುದ್ದ ಮಾತಾಡಿರಲಾರ.

"ಅವತ್ತು ಪ್ರಾಕ್ಟೀಸ್ ಮುಗಿಸಿ ಇಳಿದು ಬರ್ತಿದ್ರಲ್ಲ, ಬಲಗಡೆ ಚಕ್ರ ಅದುರ್ತಿತ್ತು. ನಾನು ನೋಡ್ದೆ. ಸಾಲಲ್ಲಿ ನಿಂತಾಗ ಹೋಗಿ ಹೇಳ್ದೆ. ಇಳಿದು ನೋಡ್ರೀ ಅಂದೆ. ಹೆಲ್ಮೆಟ್ ಹಾಕ್ಕೊಂಡು ಕೂತಿದ್ರು. ನಕ್ರು. ನಮ್ ಬಾಮೈದ ಗೆರೆ ಎಳ್ದಿದಾನೆ ಅಂದ್ರು. ನಾನೇ ಕೂತ್ಕೊಂಡು ಸಂದಿಯಲ್ಲಿ ಇಣುಕ್ದೆ. ಬಿಳಿ ಬಣ್ಣ ಕಾಣ್ತು, ನಟ್ ಸರಿಯಾಗಿ ಕಾಣ್ಲಿಲ್ಲ. ಇನ್ನೊಂದ್ಸಲ ಹೇಳ್ದೆ. ಆಗ ಏನಂದ್ರು ಗೊತ್ತಾ?"

"ಏನಂದ್ರು?" ಎಂದೆ.

"ಅವನು ಎಳ್ದ ಮೇಲೆ ನಾನು ಮತ್ತೆ ನೋಡಿದ್ರೆ ಅವನಿಗೆ ಅವಮಾನ ಮಾಡ್ದಂಗೆ ಕಣಯ್ಯಾ... ಅಂದ್ರು. ಅಷ್ಟೊತ್ತಿಗೆ ಸ್ಟಾರ್ಟಿನ ಬಾವುಟ ಬಿತ್ತು."

ಗಾಳಿ ಬೀಸುತ್ತಿತ್ತು. ಅವನು ಕೈಯಿಂದ ತುಟಿಯ ರಕ್ತ ಒರೆಸಿಕೊಂಡ.

"ಇಲ್ಲಿಗೆ ಮೊದ್ಲು ಗಾಡಿ ಓಡಿಸ್ಕೊಂಡು ಬಂದವನು ನಾನು. ಅವರನ್ನ ಎಳೆದು ಹಾಕಿದ್ದೂ ನಾನೇ. ಆಗ್ಲೇ ಬೋಲ್ಟ್ ನೋಡ್ದೆ. ಎಣಿಸ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ? ಒಂದು ವರ್ಷ... ಈಗ ಊರೆಲ್ಲ ನಿನ್ನ ಕೊಲೆಗಾರ ಅಂತಿದೆ!"

"ನಿಮ್ ಅಕ್ಕನಿಗೆ ಗಂಡ ಹೋದ," ಎಂದ ಸೈಲೆನ್ಸರ್. "ತಮ್ಮನಾದ್ರೂ ಇರ್ಲಿ ಅಂತ."

ಪಿಕಪ್ ಹತ್ತಿ ಕೆಳಗಿಳಿದು ಹೋದ. ನಾನು ಹೊಸ ಸಿಮೆಂಟಿನ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಇಳಿಯುವಾಗ ಕಾರು ಆಮೆಯ ವೇಗದಲ್ಲಿತ್ತು. ಊರು ಮುಟ್ಟಲೇಬಾರದು ಅನ್ನಿಸುತ್ತಿತ್ತು.

ಶೆಡ್ಡಿನಲ್ಲಿ ಅಕ್ಕ ಇರಲಿಲ್ಲ, ಟೈರು ತರಲು ಹೋಗಿದ್ದಳು. ಡಬ್ಬ ತೆಗೆದೆ. ಚಕ್ರದ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ನಟ್ ಪೂರ್ತಿ ಬಿಗಿಯಾದರೆ ಬೋಲ್ಟಿನ ಮೂರು ಥ್ರೆಡ್ ಹೊರಗೆ ಉಳಿಯುತ್ತವೆ. ಆಗ ಗೆರೆ ಎಳೆದರೆ ಮೂರರ ಮೇಲೂ ಬಣ್ಣ ಕೂರಬೇಕು. ನಟ್ಟಿನೊಳಗೆ ಅಡಗಿದ ಭಾಗಕ್ಕೆ ಬಣ್ಣ ಮುಟ್ಟುವುದಿಲ್ಲ. ಇಷ್ಟು ನನಗೆ ನಿದ್ದೆಯಲ್ಲೂ ಗೊತ್ತು. ಇದೇ ಲೆಕ್ಕದಲ್ಲಿ ಎಷ್ಟೋ ಜನರ ಕ್ಲೇಮು ತಳ್ಳಿ ಹಾಕಿದ್ದೇನೆ.

ಉಗುರಿನಿಂದ ಎಣಿಸಿದೆ.

ಒಂದು.

ಮತ್ತೆ ಎಣಿಸಿದೆ. ಒಂದೇ!

ನಾನು ಗೆರೆ ಎಳೆದಾಗ ಆ ನಟ್ ಬಿಗಿಯಾಗಿರಲೇ ಇಲ್ಲ. ಬೆರಳಿನಿಂದ ಸುಮ್ಮನೆ ತಿರುಗಿಸಿ ಬಿಟ್ಟ ನಟ್ಟಿಗೆ ನಾನು ಗೆರೆ ಎಳೆದಿದ್ದೆ. ಅದನ್ನು ಯಾರೂ ಬಿಚ್ಚಿರಲಿಲ್ಲ. ಅದರ ಅಗತ್ಯವೇ ಇರಲಿಲ್ಲ.

ಆಗ ಎಲ್ಲ ನೆನಪಾಯಿತು. ರೇಸಿನ ಹಿಂದಿನ ದಿನ ಸಂಜೆ ನಾಲ್ಕು ಗಂಟೆ. ಭಾವ ನಟ್ಟುಗಳನ್ನು ಬಿಗಿ ಮಾಡುತ್ತ ಬಂದಿದ್ದರು. ಬಲಗಡೆಯ ಕೊನೆಯದು ಬೆರಳಿನಲ್ಲಿ ಕೂರಿಸಿದ್ದರಷ್ಟೇ. ಅಷ್ಟರಲ್ಲಿ ಅಕ್ಕ ಲೇತಿನಿಂದ ಕರೆದಳು, ಎದ್ದು ಹೋದರು. ನಾನು ಪರೀಕ್ಷೆಗೆ ಬಂದೆ. ಕಾನೂನಿನ ಪ್ರಕಾರ ಮೊದಲು ರೆಂಚು, ಆಮೇಲೆ ಗೆರೆ. ನಾನು ಬುದ್ಧಿವಂತ! ಒಂದೊಂದಕ್ಕೂ ರೆಂಚು ಇಟ್ಟು ಪೆನ್ನು ಹಿಡಿದು, ಪೆನ್ನು ಇಟ್ಟು ರೆಂಚು ಹಿಡಿದು ಯಾರು ಸಾಯುತ್ತಾರೆ? ಮೊದಲು ಎಲ್ಲಕ್ಕೂ ಸರಸರ ಗೆರೆ ಎಳೆದುಬಿಡುತ್ತಿದ್ದೆ. ಆಮೇಲೆ ಎಲ್ಲಕ್ಕೂ ಸಾಲಾಗಿ ರೆಂಚು ಹಾಕುತ್ತಿದ್ದೆ. ಭಾವ ಬಿಗಿ ಮಾಡಿದ ನಟ್ ಯಾವತ್ತೂ ಕದಲುತ್ತಿರಲಿಲ್ಲ, ಗೆರೆಯೂ ಕದಲುತ್ತಿರಲಿಲ್ಲ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಷ್ಟೋ ವರ್ಷ ಹಾಗೇ ಮಾಡಿದ್ದೆ.

ಅವತ್ತು ಗೆರೆ ಎಳೆದು ಮುಗಿಸಿದೆ. ಎಡಗಡೆ ರೆಂಚು ಹಾಕಿದೆ. ಫೋನ್ ಬಂತು. ಶೆಡ್ಡಿನ ಹೊರಗೆ ಇಪ್ಪತ್ತು ನಿಮಿಷ ಮಾತಾಡಿದೆ. ವಾಪಸ್ ಬಂದು ನೋಡಿದರೆ ಎರಡೂ ಕಡೆ ಬಿಳಿ ಗೆರೆ. ಓಹೋ, ಮುಗಿಸಿದ್ದೇನೆ ಎಂದುಕೊಂಡೆ. ಭಾವ ಬಂದರು. ಅವರೂ ಗೆರೆ ನೋಡಿದರು. ಬಾಮೈದ ತಾನೇ ಬಿಗಿ ಮಾಡಿ ಚೆಕ್ ಮಾಡಿದಾನೆ ಎಂದುಕೊಂಡರು. ನನ್ನ ಬೆನ್ನು ತಟ್ಟಿದರು.

ಬೆಂಚಿನ ಮೇಲೆ ಥಿನ್ನರ್ ಡಬ್ಬ ಇತ್ತು. ಒಂದು ಚೂರು ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿದರೆ ಬಣ್ಣ ಹೋಗುತ್ತದೆ. ಎರಡು ಸೆಕೆಂಡಿನ ಕೆಲಸ. ಸೈಲೆನ್ಸರ್ ಬಾಯಿ ಬಿಡುವವನಲ್ಲ. ಅಕ್ಕ ನನ್ನವಳಾಗೇ ಉಳಿಯುತ್ತಾಳೆ.

ಬಟ್ಟೆ ಒದ್ದೆ ಮಾಡಿದೆ. ಸುಳ್ಳು ಯಾಕೆ ಹೇಳಲಿ, ಬೋಲ್ಟಿನ ಹತ್ತಿರಕ್ಕೂ ತಂದೆ...

ಆಗ ಆ ಒಡೆದ ತುಟಿ ಕಣ್ಣ ಮುಂದೆ ಬಂತು. ನನ್ನ ಪಾಪದ ಮೂಟೆಯನ್ನು ಸಂಬಂಧವೇ ಇಲ್ಲದ ಒಬ್ಬ ಒಂದು ವರ್ಷ ಹೊತ್ತಿದ್ದಾನೆ. ಅದಕ್ಕೆ ಪ್ರತಿಯಾಗಿ ನಾನು ಕೊಟ್ಟದ್ದು ಒಂದು ಗುದ್ದು. ಬಟ್ಟೆಯನ್ನು ಕಸದ ಡಬ್ಬಕ್ಕೆ ಎಸೆದೆ. ಗೋಡೆಗೆ ತಲೆಯಿಟ್ಟು ಅತ್ತೆ. ಭಾವ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಅಕ್ಕ ಕಪ್ಪೆಯ ಕೆಳಗಿದ್ದಳು. ಹೊಸ ಸ್ಟೀರಿಂಗ್ ರಾಡಿನ ನಟ್ ಬಿಗಿ ಮಾಡುತ್ತಿದ್ದಳು. ನನ್ನ ಕಾಲು ಕಾಣಿಸಿತೇನೋ.

"ಬಂದ್ಯಾ? ಬಾ, ಚೆಕ್ ಮಾಡಿ ಗೆರೆ ಎಳಿ," ಎಂದಳು.

"ಅಕ್ಕಾ... ನಟ್ ಬಿಚ್ಚಿದ್ದು ಯಾರು ಅಂತ ಗೊತ್ತಾಯ್ತು."

"ಅವನೇ ತಾನೇ?"

"ಅಲ್ಲ. ಯಾರೂ ಬಿಚ್ಚಿಲ್ಲ. ಅದು ಬಿಗಿನೇ ಆಗಿರ್ಲಿಲ್ಲ. ನಾನು ನೋಡದೆ ಗೆರೆ ಎಳ್ದಿದ್ದೆ."

ಮಲಗುವ ಹಲಗೆಯ ಚಕ್ರಗಳು ಗರಗರ ಎಂದವು. ಅಕ್ಕ ಹೊರಗೆ ಬಂದಳು. ಎದ್ದು ಕೂತಳು. ಕೆನ್ನೆಯ ಮೇಲೆ ಗ್ರೀಸು.

"ಇನ್ನೊಂದ್ಸಲ ಹೇಳು."

ಹೇಳಿದೆ. ಬೋಲ್ಟ್ ಕೈಗೆ ಕೊಟ್ಟೆ. ಎಣಿಸಿದಳು. ಲೇತ್ ಕೆಲಸದವಳು, ಒಂದೇ ಸಲಕ್ಕೆ ಸಾಕಾಯಿತು. ಬೋಲ್ಟನ್ನು ಪಕ್ಕದಲ್ಲಿಟ್ಟಳು.

"ಫೋನ್ ಯಾರದು?"

"ಆಫೀಸಿಂದು. ಒಂದು ಲಾರಿ ಆಕ್ಸಿಡೆಂಟ್ ಕೇಸು."

"ಏನ್ಮಾಡ್ದೆ ಆ ಕೇಸು?"

"ಕ್ಲೇಮ್ ರಿಜೆಕ್ಟ್ ಮಾಡ್ದೆ."

"ಯಾಕೆ?"

"ಡ್ರೈವರ್... ನಿರ್ಲಕ್ಷ್ಯ."

ಅಕ್ಕ ನಕ್ಕಳು. ಅಂಥ ನಗು ಯಾವ ತಮ್ಮನೂ ಕೇಳಬಾರದು.

"ಹೊಡಿ ಅಕ್ಕಾ," ಎಂದೆ. ಮಂಡಿಯೂರಿ ಕೂತಿದ್ದೆ. "ಬೈ. ಆ ರೆಂಚು ತಗೊಂಡು ಹೊಡಿ!"

"ಹೊಡೆದ್ರೆ ನಿಂಗೆ ಸಮಾಧಾನ ಆಗುತ್ತೆ," ಎಂದಳು. "ಅದಕ್ಕೇ ಹೊಡಿಯಲ್ಲ."

ಎದ್ದು ಕೈ ಒರೆಸಿಕೊಂಡಳು. ನನ್ನ ಜೇಬಿನಲ್ಲಿದ್ದ ಬಿಳಿ ಪೆನ್ನನ್ನು ತೆಗೆದುಕೊಂಡು ಡ್ರಾಯರಿಗೆ ಹಾಕಿದಳು. ಮುಖ ನೋಡಲಿಲ್ಲ.

"ನೀನು ನನ್ನ ತಮ್ಮ. ಅದನ್ನ ಬಿಚ್ಚೋ ಸ್ಪಾನರ್ ನನ್ನ ಹತ್ರ ಇಲ್ಲ. ಆದ್ರೆ ಇನ್ಮೇಲೆ ನನ್ನ ಗಾಡಿ ಮುಟ್ಬೇಡ. ಈಗ ಹೋಗು. ಮೊದ್ಲು ಅವನ ಹೆಸರಿಗೆ ಹತ್ತಿದ ಮಸಿ ತೊಳಿ."

ಭಾನುವಾರ ಬೆಳಿಗ್ಗೆ ಕಮಿಟಿಯ ಮುಂದೆ ನಿಂತೆ. ನನಗೆ ಫಾರಂ ತುಂಬಿಸಿ ಅಭ್ಯಾಸ. ಅವತ್ತು ಇನ್ನೊಬ್ಬರು ಕೇಳಿದರು, ನಾನು ಹೇಳಿದೆ. ಸೆಕ್ರೆಟರಿ ಕನ್ನಡಕದ ಮೇಲಿಂದ ನೋಡಿದರು.

"ಕೊನೆಗೆ ಪರೀಕ್ಷೆ ಮಾಡ್ದವರು?"

"ನಾನು."

"ತಪ್ಪು ಪತ್ತೆ ಹಚ್ಚಿದವರು?"

"ನಾನೇ."

"ಮೃತರಿಗೆ ನೀವೇನಾಗ್ಬೇಕು?"

"ಬಾಮೈದ," ಎಂದೆ. ಮಿಕ್ಕದ್ದನ್ನು ಬರೆದು ಕೊಟ್ಟೆ.

ಹೊರಗೆ ಬಂದಾಗ ಕಪ್ಪೆ ಸಾಲಿನಲ್ಲಿ ನಿಂತಿತ್ತು. ಸೈಲೆನ್ಸರ್ ಚಕ್ರದ ಪಕ್ಕ ಕೂತು ರೆಂಚು ಹಾಕುತ್ತಿದ್ದ. ಅಕ್ಕನೇ ಮನೆಗೆ ಹೋಗಿ ಕ್ಷಮೆ ಕೇಳಿ ಕರೆದು ತಂದಿದ್ದಳು. ಕಟಕ್... ಗೆರೆ. ಕಟಕ್... ಗೆರೆ. ಒಂದೊಂದಾಗಿ, ಕ್ರಮವಾಗಿ. ಅವನ ಬಣ್ಣ ನೀಲಿ. ಒಮ್ಮೆ ನನ್ನತ್ತ ನೋಡಿ ತಲೆಯಾಡಿಸಿದ.

ನಾನು ಹಗ್ಗದ ಆಚೆ, ಪ್ರೇಕ್ಷಕರ ನಡುವೆ ನಿಂತೆ.

ಬಾವುಟ ಬಿತ್ತು. ಕಪ್ಪೆ ಚೀರಿಕೊಂಡು ಹಾರಿತು. ಒಂದು, ಎರಡು, ಮೂರು... ಕಾಣುವುದು ಮೂರೇ ತಿರುವು. ಆಮೇಲೆ ಬರೀ ಸದ್ದು. ಕಿವಿಯಲ್ಲಿ ತಿರುವು ಎಣಿಸುತ್ತ ನಿಂತೆ. ಆರರ ಹತ್ತಿರ ಉಸಿರು ಹಿಡಿದೆ. ಏಳು... ಸದ್ದು ತಗ್ಗಿತು! ಸತ್ತೆ ಎಂದುಕೊಂಡೆ. ಮತ್ತೆ ಏರಿತು. ಎಂಟು, ಒಂಬತ್ತು, ಹತ್ತು, ಹನ್ನೊಂದು. ಧ್ವನಿವರ್ಧಕದಲ್ಲಿ ಟೈಮು ಕೂಗಿದರು. ಮೂರು ನಿಮಿಷ ಹನ್ನೆರಡು ಸೆಕೆಂಡು.

ಭಾವನ ದಾಖಲೆ ಮೂರು ನಿಮಿಷ ಎಂಟು.

ಇಳಿದು ಬಂದ ಅಕ್ಕ ಹೆಲ್ಮೆಟ್ ತೆಗೆದಳು. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಹಗ್ಗದ ಹತ್ತಿರ ಬಂದು ನನ್ನೆದುರು ನಿಂತಳು. ಕಣ್ಣು ಕೆಂಪಾಗಿತ್ತು.

"ನಾಲ್ಕು ಸೆಕೆಂಡ್ ಲೇಟು," ಎಂದೆ.

"ಹೂಂ. ಏಳನೇದರಲ್ಲಿ ಬ್ರೇಕ್ ಹಾಕ್ದೆ."

"ಯಾಕೆ ಅಕ್ಕಾ? ಗಾಡಿ ಸರಿ ಇತ್ತಲ್ಲ?"

"ಗಾಡಿ ಸರಿ ಇತ್ತು," ಎಂದಳು. "ಅವರು ಗೆರೆ ನಂಬಿ ಬ್ರೇಕ್ ಮುಟ್ತಿರ್ಲಿಲ್ಲ. ನಂಗೆ ಇನ್ನು ಯಾರ ಗೆರೆನೂ ನಂಬೋಕಾಗಲ್ಲ."

ಅಷ್ಟು ಹೇಳಿ ಕಪ್ಪೆಯ ಕಡೆಗೆ ಹೋದಳು.

ನನ್ನ ಕೇಸಿನಲ್ಲಿ ಆದ ಶಿಕ್ಷೆ ಇಷ್ಟೇ ನೋಡಿ... ಬರೀ ನಾಲ್ಕು ಸೆಕೆಂಡು. ಜೀವಮಾನ ಪೂರ್ತಿ ಅನುಭವಿಸಬೇಕು!